ಕಡಲಾಚೆಯ ಪೇಟೆಗೆ ಮೈಸೂರಿನ ಸರಕು: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಇನ್ನೊಂದು ಮುಖ

ಮೊಂತಿ ಹಬ್ಬದ ಹೊಸ ತೆನೆಯ ಊಟ ಮುಗಿದು ವಾರ ಕಳೆಯುವಷ್ಟರಲ್ಲಿ ಸೆಪ್ಟೆಂಬರ್ 15 ಬರುತ್ತದೆ. ಅಂದು ದೇಶದಾದ್ಯಂತ ಇಂಜಿನಿಯರುಗಳ ದಿನ. ನಮ್ಮ ಶಾಲಾ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಂಬಾಡಿ ಕಟ್ಟೆಯ ಕತೆ ಹೇಳಿ, ಮಕ್ಕಳಿಗೆ ಸಿಹಿ ಹಂಚುವುದು ವಾಡಿಕೆ. ಕಟ್ಟೆಯ ಕತೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಸಮುದ್ರವೇ ಇಲ್ಲದ ಒಂದು ಸಂಸ್ಥಾನದ ಸರಕನ್ನು ಸಮುದ್ರದಾಚೆಯ ಪೇಟೆಯಲ್ಲಿ ಮಾರಲು ಅವರು ಪಟ್ಟ ಪಾಡು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಹಂಚು, ಗೋಡಂಬಿ, ಕಾಫಿ, ಮೀನು ಎಂದು ತಲೆಮಾರುಗಳಿಂದ ಬಂದರಿನ ವ್ಯಾಪಾರವನ್ನು ಕಂಡಿರುವ ನಮ್ಮ ಕರಾವಳಿಯ ಓದುಗರಿಗೆ ಅವರ ಬದುಕಿನ ಈ ಭಾಗ ಹೆಚ್ಚು ರುಚಿಸೀತು ಎಂಬ ಭರವಸೆಯಿಂದ ಈ ಲೇಖನ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು ವೆಸ್ಲಿಯನ್ ಮಿಷನ್ ಶಾಲೆಯಲ್ಲಿ ಓದಿ, ನಂತರ ಸೆಂಟ್ರಲ್ ಕಾಲೇಜು ಸೇರಿದ. ಮನೆಪಾಠ ಹೇಳಿಕೊಟ್ಟು ಖರ್ಚಿಗೆ ದಾರಿ ಮಾಡಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಲು ಸಾಧ್ಯವಾಯಿತು. 1883ರಲ್ಲಿ ಮೊದಲ ಸ್ಥಾನ ಪಡೆದು, ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾದರು.

ಅಲ್ಲಿನ ಇಪ್ಪತ್ತನಾಲ್ಕು ವರ್ಷಗಳ ಸೇವೆಯನ್ನು ಇಲ್ಲಿ ಬೇಗ ದಾಟಿ ಹೋಗುತ್ತೇನೆ. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು, ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅಳವಡಿಸಿದ ತಾನೇ ತೆರೆದು ಮುಚ್ಚುವ ಬಾಗಿಲುಗಳು, ಏಡನ್ ಬಂದರಿನ ನೀರಿನ ಯೋಜನೆ, ಮೂಸಿ ಹೊಳೆಯ ಪ್ರವಾಹದ ನಂತರ ಹೈದರಾಬಾದಿನ ರಕ್ಷಣೆ ಎಲ್ಲವೂ ಪಠ್ಯಪುಸ್ತಕಗಳಲ್ಲಿವೆ. ನಮ್ಮ ವಿಷಯಕ್ಕೆ ಬೇಕಾದದ್ದು 1898ರಲ್ಲಿ ರಜೆ ಹಾಕಿ ಅವರು ಮಾಡಿದ ಜಪಾನ್ ಪ್ರವಾಸ. ಆಗ ಆ ದೇಶ ಹಳೆಯ ರಾಜಪದ್ಧತಿಯಿಂದ ಹೊರಬಂದು ಮೂವತ್ತು ವರ್ಷವಷ್ಟೇ ಆಗಿತ್ತು. ಜಪಾನಿನ ಮುಖ್ಯ ರಫ್ತು ರೇಷ್ಮೆ. 1872ರಲ್ಲೇ ತೊಮಿಯೊಕದಲ್ಲಿ ಸರಕಾರ ಫ್ರೆಂಚ್ ಯಂತ್ರಗಳ ನೂಲು ಬಿಚ್ಚಣಿಕೆ ಕಾರ್ಖಾನೆ ತೆರೆದಿತ್ತು. 1896ರಲ್ಲಿ ಯೊಕೊಹಾಮ ಬಂದರಿನಲ್ಲಿ ರೇಷ್ಮೆ ಪರೀಕ್ಷಾ ಕೇಂದ್ರವೂ ಬಂದಿತ್ತು. ಹಡಗು ಹತ್ತುವ ಮುನ್ನ ನೂಲಿನ ತೇವ ಮತ್ತು ತೂಕವನ್ನು ನೋಡಲಾಗುತ್ತಿತ್ತು. ಪರದೇಶದ ಗಿರಾಕಿ ಒಮ್ಮೆ ಮೋಸ ಹೋದರೆ ಮತ್ತೆ ಬರುವುದಿಲ್ಲ ಎಂಬುದನ್ನು ಆ ದೇಶ ಕಾರ್ಖಾನೆಯ ನಿಯಮವನ್ನಾಗಿ ಮಾಡಿಕೊಂಡಿತ್ತು. ವಿಶ್ವೇಶ್ವರಯ್ಯನವರಿಗೆ ಜಪಾನ್ ಜೀವನವಿಡೀ ಒಂದು ಅಳತೆಗೋಲಾಗಿಯೇ ಉಳಿಯಿತು. ಶಿಕ್ಷಣ, ಬ್ಯಾಂಕು, ಕಾರ್ಖಾನೆ ಯಾವುದರ ಮಾತು ಬಂದರೂ ಅವರು ಆ ದೇಶದ ಅಂಕಿ ಅಂಶಗಳನ್ನು ಮುಂದಿಡುತ್ತಿದ್ದರು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಬಂದ ಅವರನ್ನು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ವಾಣಿಜ್ಯ ಮಂಡಳಿ, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ಬಂದವು. ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಪ್ರತ್ಯೇಕ ಇಲಾಖೆಯಾಯಿತು. ಅದರ ನಿರ್ದೇಶಕರಾಗಿ ಬಂದವರು ಆಲ್ಫ್ರೆಡ್ ಚಾಟರ್ಟನ್. ಮದರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಮತ್ತು ಕ್ರೋಮ್ ಚರ್ಮ ಹದ ಮಾಡುವ ಕಸುಬುಗಳನ್ನು ಹೊಸದಾಗಿ ಬೆಳೆಸಿದ ಇಂಜಿನಿಯರ್ ಈತ. ನಮ್ಮ ಅಜ್ಜಿಯಂದಿರ ಅಡುಗೆಮನೆಗೆ ಅಲ್ಯೂಮಿನಿಯಂ ಗುಂಡಿ ಬಂದ ದಾರಿಯಲ್ಲಿ ಈ ಮನುಷ್ಯನ ಕೈವಾಡವೂ ಸ್ವಲ್ಪ ಇದೆ.

ಇನ್ನು ಶ್ರೀಗಂಧದ ವಿಚಾರಕ್ಕೆ ಬರೋಣ. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದಲೂ ಗಂಧದ ಮರ ದೊರೆಗೆ ಸೇರಿದ್ದು. ಯಾರ ಹೊಲದಲ್ಲಿ ಬೆಳೆದರೂ ಮರ ಸರಕಾರದ್ದು. ಕಾಡಿನಿಂದ ಬುಡಸಹಿತ ಕಿತ್ತು ತಂದ ಮರವನ್ನು ಗಂಧದ ಕೋಠಿಗಳಲ್ಲಿ ಹೊರಗಿನ ಬಿಳಿ ಮರ ಕೆತ್ತಿ ತೆಗೆದು, ಚೇಗನ್ನು ದರ್ಜೆವಾರು ವಿಂಗಡಿಸಿ, ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಪ್ರಪಂಚದ ಗಂಧದ ಬಹುಪಾಲು ಹೋಗುತ್ತಿದ್ದುದು ಈ ಕೋಠಿಗಳಿಂದಲೇ. ಖಜಾನೆಗೆ ಒಳ್ಳೆಯ ಆದಾಯವೇ ಬರುತ್ತಿತ್ತು. ಆದರೆ ಹರಾಜಿನಲ್ಲಿ ಹಿಡಿದ ಕೊರಡುಗಳು ಹಡಗು ಹತ್ತಿ ಹೆಚ್ಚಾಗಿ ಜರ್ಮನಿಗೆ ಹೋಗಿ, ಅಲ್ಲಿನ ಕಾರ್ಖಾನೆಗಳಲ್ಲಿ ಎಣ್ಣೆಯಾಗಿ, ಔಷಧಿಗೂ ಸುಗಂಧ ದ್ರವ್ಯಕ್ಕೂ ಮಾರಾಟವಾಗುತ್ತಿದ್ದವು. ಮರ ಕಡಿಯುವ ಕೂಲಿ ಮೈಸೂರಿಗೆ, ಎಣ್ಣೆ ತೆಗೆಯುವ ವಿದ್ಯೆ ಜರ್ಮನಿಗೆ ಎಂಬಂತಿತ್ತು ಪರಿಸ್ಥಿತಿ.

ಇದೂ ರಫ್ತೇ ಅಲ್ಲವೇ ಎಂದು ಕೇಳಬಹುದು. ಹೌದು, ರಫ್ತೇ. ಆದರೆ ನೂರು ವರ್ಷ ಮರ ಮಾರಿದರೂ ಮೈಸೂರಿನವರು ಎಣ್ಣೆಯ ಬಗ್ಗೆ ಒಂದಕ್ಷರ ಕಲಿಯಲಿಲ್ಲ. ಕೋಠಿಯ ಗುಮಾಸ್ತನಿಗೆ ಬೇಕಾಗಿದ್ದುದು ತಕ್ಕಡಿ ಮತ್ತು ಕೊಡಲಿ ಮಾತ್ರ. ಗಿರಾಕಿ ಬಯಸಿದ್ದೂ ಅಷ್ಟೇ. ರಫ್ತು ಮಾಡಿದರೆ ತಾಂತ್ರಿಕತೆ ತಾನಾಗಿ ಬರುತ್ತದೆ ಎಂದು ಈಗ ಸುಲಭವಾಗಿ ಹೇಳುವವರು ಈ ಕೋಠಿಗಳ ಕತೆಯನ್ನು ಒಮ್ಮೆ ನೆನೆಯಬೇಕು.

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿಯಿತು. ಬ್ರಿಟಿಷರ ಅಧೀನದ ಮೈಸೂರಿಗೆ ಜರ್ಮನಿ ಒಂದೇ ದಿನದಲ್ಲಿ ಶತ್ರುದೇಶವಾಯಿತು. ಗಿರಾಕಿಯೇ ಇಲ್ಲವಾದಾಗ ಕೋಠಿಗಳಲ್ಲಿ ಮರ ರಾಶಿ ಬಿತ್ತು. ಕಟ್ಟೆಯ ಕೆಲಸ, ಶಾಲೆಗಳು, ರೈಲು ಎಂದು ಖರ್ಚಿನ ಪಟ್ಟಿ ಬೆಳೆಯುತ್ತಿದ್ದ ಹೊತ್ತಿನಲ್ಲೇ ಸಂಸ್ಥಾನದ ಒಂದು ಮುಖ್ಯ ಆದಾಯ ಕುಸಿಯಿತು. ದಿವಾನರ ಮುಂದೆ ಎರಡು ದಾರಿಗಳಿದ್ದವು. ಯುದ್ಧ ಮುಗಿಯುವ ತನಕ ಮರ ಕಾದಿಡುವುದು, ಇಲ್ಲವೇ ಎಣ್ಣೆಯನ್ನು ಇಲ್ಲೇ ತೆಗೆಯುವುದು. ಅವರು ಎರಡನೆಯದನ್ನು ಹಿಡಿದರು.

ಇಲ್ಲಿ ಮಲ್ಲೇಶ್ವರಂ ನಮ್ಮ ಕತೆಯೊಳಗೆ ಬರುತ್ತದೆ. ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವ ನಮ್ಮ ಕಡೆಯ ಯುವಕ ಯುವತಿಯರಿಗೆ ಈ ಬಡಾವಣೆ ಪರಿಚಿತ. 1898ರ ಪ್ಲೇಗಿನ ನಂತರ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆತರಲು ಬೆಳೆಸಿದ ಊರು ಅದು. ಒಂದು ತುದಿಯಲ್ಲಿ, ಸಂಪಿಗೆ ರಸ್ತೆ ಶುರುವಾಗುವಲ್ಲಿ, ರಾಜಾ ಮಿಲ್ಲಿನ ನೂಲಿನ ಕಾರ್ಖಾನೆ ಇತ್ತು. ಈಗ ಆ ಜಾಗದಲ್ಲಿ ದೊಡ್ಡ ಮಾಲ್ ನಿಂತಿದೆ. ಇನ್ನೊಂದು ತುದಿಯಲ್ಲಿ, 18ನೇ ಕ್ರಾಸ್ ದಾಟಿ ಉತ್ತರಕ್ಕೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ಹಳಬರ ಬಾಯಲ್ಲಿ ಅದು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್. ಜೆಮ್‌ಶೆಟ್‌ಜಿ ಟಾಟಾ ಅವರ ದಾನದಿಂದ, ಮೈಸೂರು ಮಹಾರಾಜರು ಕೊಟ್ಟ 371 ಎಕರೆ ನೆಲದಲ್ಲಿ, 1909ರಲ್ಲಿ ಸ್ಥಾಪನೆಯಾಗಿ 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಸಂಸ್ಥೆ. ಯುದ್ಧ ಬಂದಾಗ ಅದಕ್ಕೆ ಇನ್ನೂ ಎಳೆ ಪ್ರಾಯ.

ಅಲ್ಲಿನ ರಸಾಯನಶಾಸ್ತ್ರ ವಿಭಾಗದಲ್ಲಿದ್ದ ಪ್ರೊಫೆಸರ್ ಸಡ್‌ಬರೊ ಮತ್ತು ಪ್ರೊಫೆಸರ್ ವಾಟ್ಸನ್ ಅವರ ಮುಂದೆ ಚಾಟರ್ಟನ್ ಗಂಧದ ಪ್ರಶ್ನೆಯನ್ನಿಟ್ಟರು. ಕೇಳಲು ಸುಲಭ, ಮಾಡಲು ಕಷ್ಟದ ಕೆಲಸ. ನಮ್ಮಲ್ಲಿ ಲಾವಂಚ, ನೀಲಗಿರಿ ಎಲೆಗಳ ಎಣ್ಣೆ ಬಟ್ಟಿ ಇಳಿಸುವುದನ್ನು ನೋಡಿದವರಿದ್ದಾರೆ. ನೀಲಗಿರಿ ಎಲೆ ಕೆಲವೇ ಗಂಟೆಗಳಲ್ಲಿ ಎಣ್ಣೆ ಬಿಡುತ್ತದೆ. ಗಂಧ ಹಾಗಲ್ಲ. ಚೇಗನ್ನೂ ಬೇರನ್ನೂ ಪುಡಿ ಮಾಡಿ, ಕಡಾಯಿಯಲ್ಲಿ ತುಂಬಿ, ಹಬೆ ಹಾಯಿಸಿದರೆ ಎಣ್ಣೆ ಹನಿ ಹನಿಯಾಗಿ ದಿನಗಟ್ಟಲೆ ಬರುತ್ತದೆ. ನೂರು ಕಿಲೋ ಮರಕ್ಕೆ ಸಿಗುವುದು ನಾಲ್ಕರಿಂದ ಆರು ಕಿಲೋ ಎಣ್ಣೆ. ಬೇಗ ನಿಲ್ಲಿಸಿದರೆ ಬೆಲೆಬಾಳುವ ಭಾಗ ಪುಡಿಯಲ್ಲೇ ಉಳಿಯುತ್ತದೆ, ಹಬೆ ಹದ ತಪ್ಪಿದರೆ ಬಣ್ಣವೂ ವಾಸನೆಯೂ ಕೆಡುತ್ತದೆ. ಹಳ್ಳಿಯ ಭಟ್ಟಿಯಲ್ಲಿ ತೆಗೆದ ಎಣ್ಣೆ ನಮ್ಮ ಅತ್ತರಿಗೆ ಸಾಕಾಗುತ್ತಿತ್ತು. ಲಂಡನ್ನಿನ ಔಷಧ ವ್ಯಾಪಾರಿಗೆ ಸಾಕಾಗುತ್ತಿರಲಿಲ್ಲ.

ಕಾರಣ, ಅಲ್ಲಿ ಅಳತೆ ಬೇರೆ. ಬ್ರಿಟಿಷ್ ಔಷಧಕೋಶದ ಪ್ರಕಾರ ಗಂಧದೆಣ್ಣೆಯಲ್ಲಿ ಸಾಂತಾಲಾಲ್ ಎಂಬ ಸತ್ವ ನೂರಕ್ಕೆ 90ಕ್ಕಿಂತ ಕಡಿಮೆ ಇರಬಾರದು. ಮೂಗಿಗೆ ಹಿಡಿದು ಚೆನ್ನಾಗಿದೆ ಎನ್ನುವ ಮಾತು ಅಲ್ಲಿ ನಡೆಯದು. ಒಂದು ಡಬ್ಬಿ ಪಾಸಾಗಿ ಮುಂದಿನ ಡಬ್ಬಿ ಫೇಲಾದರೂ ನಡೆಯದು. ಹೀಗಾಗಿ ಭಟ್ಟಿಯ ಪಕ್ಕದಲ್ಲಿ ಪ್ರಯೋಗಾಲಯ ಬೇಕಾಯಿತು, ಪ್ರಯೋಗಾಲಯಕ್ಕೆ ಓದಿದ ಹುಡುಗರು ಬೇಕಾದರು, ಹಬೆಯ ಒತ್ತಡಕ್ಕೆ ಮಾಪಕ ಬೇಕಾಯಿತು, ಶುದ್ಧೀಕರಣಕ್ಕೆ ಬೇರೆ ಯಂತ್ರ ಬೇಕಾಯಿತು. ಕೋಠಿಯಲ್ಲಿ ಮರ ಮಾರುವಾಗ ಬೇಕಿಲ್ಲದ್ದೆಲ್ಲ ಎಣ್ಣೆ ಮಾರಲು ಹೊರಟ ಕೂಡಲೇ ಬೇಕಾಯಿತು. ಗಿರಾಕಿ ಯಾವ ದೇಶದವನು ಎನ್ನುವುದಕ್ಕಿಂತ ಅವನು ಏನು ಕೇಳುತ್ತಾನೆ ಎನ್ನುವುದೇ ಇಲ್ಲಿ ಮುಖ್ಯವಾದ ಸಂಗತಿ.

1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಕೆಲಸ ಆರಂಭಿಸಿತು. ಮೈಸೂರಿನ ಎಣ್ಣೆ ಲಂಡನ್ ಪೇಟೆಗೆ ಹೋಗಿ ನಿಂತಿತು. ಸರಕಾರ ನಡೆಸಿದ ಉದ್ಯಮಗಳಲ್ಲಿ ಆರಂಭದ ವರ್ಷಗಳಿಂದಲೇ ಲಾಭ ತಂದುಕೊಟ್ಟ ಅಪರೂಪದ್ದು ಇದು. ಯುದ್ಧಕಾಲದ ಏರಿದ ಬೆಲೆ ಅದಕ್ಕೆ ಒದಗಿಬಂದದ್ದೂ ನಿಜ, ಮರದ ಮೇಲೆ ಸರಕಾರಕ್ಕಿದ್ದ ಏಕಸ್ವಾಮ್ಯ ಒದಗಿಬಂದದ್ದೂ ನಿಜ. ಎದುರಾಳಿಯೇ ಇಲ್ಲದ ಓಟದಲ್ಲಿ ಮೊದಲ ಬಹುಮಾನ ಪಡೆದಂತೆ ಎಂದು ಯಾರಾದರೂ ಹೇಳಿದರೆ ಪೂರ್ತಿ ತಳ್ಳಿಹಾಕಲಾಗದು. ಆದರೆ ಯುದ್ಧ ಮುಗಿದು ಜರ್ಮನರು ಮತ್ತೆ ಪೇಟೆಗೆ ಬಂದ ಮೇಲೂ, ಆಸ್ಟ್ರೇಲಿಯಾದ ಬೇರೆ ಜಾತಿಯ ಗಂಧದ ಎಣ್ಣೆ ಸ್ಪರ್ಧೆಗೆ ಇಳಿದ ಮೇಲೂ ಮೈಸೂರಿನ ಎಣ್ಣೆ ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಏಕಸ್ವಾಮ್ಯ ಮರವನ್ನಷ್ಟೇ ಕೊಟ್ಟೀತು. ಪ್ರತಿ ಡಬ್ಬಿಯೂ ಒಂದೇ ಹದದಲ್ಲಿರುವುದಕ್ಕೆ ಪ್ರಯೋಗಾಲಯವೇ ಬೇಕು.

ಎಣ್ಣೆಯ ಬೆನ್ನಿಗೇ ಸಾಬೂನು ಬಂತು. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ತರುಣ ರಸಾಯನಶಾಸ್ತ್ರಜ್ಞರನ್ನು ಸಾಬೂನು ಮತ್ತು ಸುಗಂಧ ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಜನ ಮುಂದೆ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಬೆಂಗಳೂರಿನ ಕಬ್ಬನ್ ಪಾರ್ಕ್ ಬಳಿ ಸರಕಾರಿ ಸಾಬೂನು ಕಾರ್ಖಾನೆ ನಡೆಯಿತು. ಮೊಟ್ಟೆಯಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಆನೆಯ ತಲೆ ಸಿಂಹದ ದೇಹದ ಶರಭದ ಗುರುತು ಎಲ್ಲವೂ ಶಾಸ್ತ್ರಿಗಳ ಕಾಲದ್ದು. 1957ರಲ್ಲಿ ಕಾರ್ಖಾನೆ ಮಲ್ಲೇಶ್ವರಂನ ಪಶ್ಚಿಮಕ್ಕೆ, ಯಶವಂತಪುರ–ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಮೆಟ್ರೋ ರೈಲಿನಲ್ಲಿ ಹೋಗುವವರು ಈಗ ಅಲ್ಲಿ ಇಳಿಯುವ ನಿಲ್ದಾಣಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂದೇ ಹೆಸರು. ನಮ್ಮವರು ಗಲ್ಫ್‌ಗೆ ಹೊರಡುವಾಗ ಪೆಟ್ಟಿಗೆಯಲ್ಲಿ ನಾಲ್ಕು ಬಿಲ್ಲೆ ಇಟ್ಟುಕೊಂಡು ಹೋಗುವುದನ್ನೂ ರಫ್ತಿನ ಲೆಕ್ಕಕ್ಕೆ ಸೇರಿಸಬಹುದೋ ಏನೋ.

ನಮ್ಮ ಕರಾವಳಿಯಲ್ಲಿ ಇದಕ್ಕೂ ಅರ್ಧ ಶತಮಾನ ಮೊದಲೇ ಇಂಥದ್ದು ನಡೆದಿತ್ತು ಎಂಬುದನ್ನು ಇಲ್ಲಿ ಹೇಳದೆ ಇರಲಾಗದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದಿಂದ ಹಂಚು ಒತ್ತುವ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ಜೇಡಿ ಮಣ್ಣು, ಒತ್ತುವ ಯಂತ್ರ, ಬಂದರು ಮೂರೂ ಹತ್ತಿರದಲ್ಲಿದ್ದವು. ಆಲ್ಬುಕರ್ಕ್ ಮನೆತನದ ನಮ್ಮವರೂ ಅದೇ ದಶಕದಲ್ಲಿ ಹಂಚಿನ ಉದ್ಯಮಕ್ಕೆ ಇಳಿದರು. ಪೂರ್ವ ಆಫ್ರಿಕ, ಸಿಲೋನ್, ಬರ್ಮಾ ಎಂದು ಹಂಚು ಹಡಗೇರಿತು. ಹಡಗಿನಲ್ಲಿ ಅಲುಗಾಡಿ ಒಡೆಯದ, ಒಂದರ ತೋಡಿನಲ್ಲಿ ಇನ್ನೊಂದು ಸರಿಯಾಗಿ ಕೂರುವ ಹಂಚು ಕೈಯಲ್ಲಿ ತಟ್ಟಿ ಮಾಡುವುದು ಸಾಧ್ಯವಿರಲಿಲ್ಲ. ದೂರದ ಪೇಟೆ ಯಂತ್ರವನ್ನು ಬೇಡಿತು, ಯಂತ್ರ ಬಂದ ಮೇಲೆ ದೂರದ ಪೇಟೆಯಿಲ್ಲದೆ ಅದಕ್ಕೆ ಹೊಟ್ಟೆ ತುಂಬಲಿಲ್ಲ.

ಮೈಸೂರಿಗಿದ್ದ ದೊಡ್ಡ ಕೊರತೆ ಬಂದರಿನದ್ದೇ. ಸಂಸ್ಥಾನದ ಗಡಿ ಘಟ್ಟದ ಮೇಲೇ ನಿಂತುಬಿಡುತ್ತಿತ್ತು. ಮಂಗಳೂರು ಮದರಾಸು ಪ್ರಾಂತ್ಯಕ್ಕೆ, ಕಾರವಾರ ಮತ್ತು ಭಟ್ಕಳ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಭಟ್ಕಳದಲ್ಲಿ ಮೈಸೂರಿಗೆ ಒಂದು ಬಂದರು ಬೇಕು, ಅಲ್ಲಿಗೆ ರೈಲು ಹೋಗಬೇಕು ಎಂಬುದು ವಿಶ್ವೇಶ್ವರಯ್ಯನವರ ಬಹುಕಾಲದ ಆಸೆ. ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ನಮ್ಮ ಉತ್ತರ ಕನ್ನಡದ ಚಿತ್ರ ಹೇಗಿರುತ್ತಿತ್ತು ಎಂದು ಊಹಿಸುವುದು ಓದುಗರಿಗೇ ಬಿಟ್ಟದ್ದು.

1918ರ ಕೊನೆಯಲ್ಲಿ ಅವರು ದಿವಾನಗಿರಿ ಬಿಟ್ಟರು. ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಮೀಸಲಾತಿ ಕೊಡುವ ಪ್ರಶ್ನೆಯಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯಭೇದ ಬಂದದ್ದು ಮುಖ್ಯ ಕಾರಣ. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು, ದಿವಾನರು ದಕ್ಷತೆ ಕುಸಿಯುತ್ತದೆ ಎಂದು ವಿರೋಧಿಸಿದರು. ಶಾಲೆಯ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ದುಡಿದ ಮನುಷ್ಯ ಕಚೇರಿಯ ಬಾಗಿಲಿನ ವಿಚಾರದಲ್ಲಿ ಹಿಂದೆ ನಿಂತರು. ಇತಿಹಾಸ ಈ ವಿಷಯದಲ್ಲಿ ಮಹಾರಾಜರ ಪರವಾಗಿಯೇ ತೀರ್ಪು ಕೊಟ್ಟಿದೆ ಎನ್ನುವುದು ಈ ಲೇಖಕನ ಅಭಿಪ್ರಾಯ.

ಅವರು ಬಿಟ್ಟುಹೋದ ಕೆಲಸಗಳಲ್ಲಿ ದೊಡ್ಡದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಯೋಜನೆ. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ಅಮೆರಿಕದ ಪೆರಿನ್ ಅವರ ಸಲಹೆಯಂತೆ ರೂಪುರೇಷೆ ಸಿದ್ಧವಾಯಿತು. ಸೌದೆ ಸುಡುವಾಗ ಬರುವ ಹೊಗೆಯನ್ನು ಬಿಡದೆ ಹಿಡಿದು ಮದ್ಯಸಾರ, ಡಾಂಬರು ಮುಂತಾದವನ್ನು ತೆಗೆಯುವ ದೊಡ್ಡ ಸ್ಥಾವರವೂ ಅದರಲ್ಲಿ ಸೇರಿತ್ತು. ಇದ್ದಿಲಿನಿಂದ ತೆಗೆದ ಬೀಡು ಕಬ್ಬಿಣದಲ್ಲಿ ಗಂಧಕದ ಅಂಶ ಕಡಿಮೆ, ಹೀಗಾಗಿ ಹೊರದೇಶಗಳಲ್ಲಿ ಅದಕ್ಕೆ ಹೆಚ್ಚಿನ ಬೆಲೆ ಸಿಗುತ್ತಿತ್ತು. ಅಮೆರಿಕ, ಜಪಾನ್ ದೇಶಗಳ ಪೇಟೆಯನ್ನು ನಂಬಿಯೇ ಲೆಕ್ಕಾಚಾರ ಹಾಕಲಾಗಿತ್ತು.

1923ರ ಜನವರಿಯಲ್ಲಿ ಊದುಕುಲುಮೆ ಹೊತ್ತುವ ಹೊತ್ತಿಗೆ ಯುದ್ಧ ಮುಗಿದು ನಾಲ್ಕು ವರ್ಷವಾಗಿತ್ತು. ಯುದ್ಧಕಾಲದ ಬೆಲೆ ಎಲ್ಲಿಯೋ ಹೋಗಿತ್ತು. ಯಂತ್ರಗಳನ್ನು ಕೊಂಡದ್ದು ದುಬಾರಿ ಕಾಲದಲ್ಲಿ, ಕಬ್ಬಿಣ ಮಾರಬೇಕಾದದ್ದು ಅಗ್ಗದ ಕಾಲದಲ್ಲಿ. ಕಬ್ಬಿಣ ಹಡಗೇರಿ ಹೋದರೂ ತಂದ ಹಣ ಖರ್ಚಿಗೆ ಸಾಲದು. ಒಳ್ಳೆಯ ಯಂತ್ರವಿತ್ತು, ಒಳ್ಳೆಯ ಸರಕಿತ್ತು, ಪರದೇಶದ ಗಿರಾಕಿಯೂ ಇದ್ದ, ಆದರೂ ನಷ್ಟ. ಜನಪ್ರತಿನಿಧಿ ಸಭೆಯಲ್ಲಿ ಪ್ರಶ್ನೆಗಳ ಸುರಿಮಳೆ. ರೈತರ ತೆರಿಗೆಯ ಹಣವನ್ನು ಭದ್ರಾ ಹೊಳೆಗೆ ಸುರಿದಂತಾಯಿತು ಎಂಬ ಟೀಕೆಗೆ ಸುಲಭದ ಉತ್ತರ ಇರಲಿಲ್ಲ.

ಹುದ್ದೆ ಬಿಟ್ಟು ಐದು ವರ್ಷವಾಗಿದ್ದ, ಅರವತ್ತು ದಾಟಿದ ವಿಶ್ವೇಶ್ವರಯ್ಯನವರನ್ನು ಸರಕಾರ ಕರೆಯಿತು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ನನಗೆ ಅವರ ಬದುಕಿನಲ್ಲಿ ಕನ್ನಂಬಾಡಿಗಿಂತ ಈ ಆರು ವರ್ಷಗಳು ಹೆಚ್ಚು ದೊಡ್ಡದಾಗಿ ಕಾಣುತ್ತವೆ. ಕಟ್ಟೆ ಕಟ್ಟಿದಾಗ ಚಪ್ಪಾಳೆ ಇತ್ತು. ಇಲ್ಲಿ ಇದ್ದುದು ನಷ್ಟದ ಪುಸ್ತಕ. ಅವರು ಮೊದಲು ಮುಟ್ಟಿದ್ದು ಖರ್ಚನ್ನು. ದೊಡ್ಡ ಸಂಬಳದ ಹೊರದೇಶದ ತಜ್ಞರ ಸಂಖ್ಯೆ ಇಳಿಸಿ, ಅವರ ಕೈಕೆಳಗೆ ಪಳಗಿದ ನಮ್ಮ ಹುಡುಗರಿಗೆ ಕುಲುಮೆಯ ಹೊಣೆ ಕೊಟ್ಟರು. ಇದ್ದಿಲು, ಅದಿರು, ಸಾಗಾಟ ಪ್ರತಿಯೊಂದರ ಲೆಕ್ಕವನ್ನೂ ಬೇರೆ ಬೇರೆಯಾಗಿ ಇಡಿಸಿದರು. ಕಬ್ಬಿಣವನ್ನು ಗಟ್ಟಿಯಾಗಿಯೇ ಮಾರುವ ಬದಲು ನೀರಿನ ಕೊಳವೆಗಳಾಗಿ ಎರಕ ಹೊಯ್ದು ದೇಶದೊಳಗೇ ಮಾರುವ ದಾರಿ ತೆರೆಯಿತು. ಆಗ ಊರೂರಿಗೆ ನಲ್ಲಿ ನೀರು ಬರುತ್ತಿದ್ದ ಕಾಲ, ಕೊಳವೆಗೆ ಬೇಡಿಕೆಯಿತ್ತು. ನಷ್ಟ ಇಳಿಯಿತು. ಅವರು ಬಿಟ್ಟ ಮೇಲೆ 1936ರಲ್ಲಿ ಉಕ್ಕಿನ ವಿಭಾಗ ಬಂತು, ಆ ದಶಕ ಮುಗಿಯುವ ಮುನ್ನ ಸಿಮೆಂಟೂ ಬಂತು.

ಎರಡು ಕಾರ್ಖಾನೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ರಫ್ತು ಮಾಡುವುದರಿಂದ ಕಾರ್ಖಾನೆ ಚುರುಕಾಗುತ್ತದೆಯೇ, ಅಥವಾ ಚುರುಕಾದ ಕಾರ್ಖಾನೆ ಮಾತ್ರ ರಫ್ತು ಮಾಡಬಲ್ಲದೇ? ಅರ್ಥಶಾಸ್ತ್ರಜ್ಞರೂ ಇದೇ ಪ್ರಶ್ನೆಯಲ್ಲಿ ಬಹಳ ಕಾಲ ತೊಡಗಿದ್ದಾರೆ. ಬರ್ನಾರ್ಡ್ ಮತ್ತು ಜೆನ್ಸೆನ್ ಎಂಬವರು 1990ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳ ಲೆಕ್ಕ ತೆಗೆದು ನೋಡಿದಾಗ, ರಫ್ತು ಮಾಡುವವು ದೊಡ್ಡವು, ಹೆಚ್ಚು ಉತ್ಪಾದಿಸುವವು, ಕೆಲಸಗಾರರಿಗೆ ಹೆಚ್ಚು ಸಂಬಳ ಕೊಡುವವು ಎಂದು ಕಂಡಿತು. ಆದರೆ ಅವು ರಫ್ತಿಗೆ ಇಳಿಯುವ ಮೊದಲೇ ಹಾಗಿದ್ದವು. ಅದಾದ ಕೆಲವು ವರ್ಷಗಳ ಮೇಲೆ ಲಿಲೀವಾ ಮತ್ತು ಟ್ರೆಫ್ಲರ್ ಕೆನಡಾದಲ್ಲಿ ಇನ್ನೊಂದು ಮುಖ ಕಂಡರು. ಅಮೆರಿಕ ಸುಂಕ ಇಳಿಸಿದ್ದರಿಂದ ಹೊಸದಾಗಿ ರಫ್ತಿಗೆ ಇಳಿದ, ಅಷ್ಟೇನೂ ಚುರುಕಿಲ್ಲದ ಕಾರ್ಖಾನೆಗಳು ಆ ಪೇಟೆಯನ್ನು ಕಂಡ ಮೇಲೆಯೇ ಹೊಸ ಯಂತ್ರಗಳನ್ನು ಹಾಕಿ ಸುಧಾರಿಸಿದ್ದವು. ಪೇಟೆ ದೊಡ್ಡದಾದಾಗ ಯಂತ್ರಕ್ಕೆ ಹಾಕಿದ ಹಣ ಹುಟ್ಟುತ್ತದೆ ಎಂಬ ಧೈರ್ಯ ಬರುತ್ತದೆ, ಧೈರ್ಯ ಬಂದಾಗ ಯಂತ್ರ ಬರುತ್ತದೆ.

ಗಂಧದೆಣ್ಣೆಯ ಕತೆ ಈ ಎರಡನೆಯದಕ್ಕೆ ಹತ್ತಿರ. ಗೊತ್ತಿದ್ದ ಪೇಟೆ, ಗೊತ್ತಿದ್ದ ಗುಣಮಟ್ಟ, ಅದನ್ನು ಮುಟ್ಟಲು ತಂದ ವಿಜ್ಞಾನ. ಭದ್ರಾವತಿಯಲ್ಲಿ ಯಂತ್ರ ಮೊದಲು ಬಂತು, ಪೇಟೆ ಕೈಕೊಟ್ಟಿತು, ಕಲಿಕೆ ನಡೆದದ್ದು ನಷ್ಟದ ನಡುವೆ ಮತ್ತು ಬಹುಮಟ್ಟಿಗೆ ಒಳನಾಡಿನ ಗಿರಾಕಿಗಾಗಿ. ಎರಡನ್ನೂ ಹಾಕಿಕೊಟ್ಟವರು ಒಬ್ಬರೇ. ಆದ್ದರಿಂದ ಅವರ ಬುದ್ಧಿಶಕ್ತಿಯೊಂದರಿಂದಲೇ ಎಲ್ಲ ಆಯಿತೆಂದು ಭಾಷಣಗಳಲ್ಲಿ ಹೇಳುವುದು ಸರಿಯಲ್ಲ.

ಈ ಎರಡೂ ಉದ್ಯಮಗಳ ಬೆಲೆಯನ್ನು ಕಾಡು ತೆತ್ತದ್ದನ್ನೂ ಹೇಳಬೇಕು. ಇದ್ದಿಲಿಗಾಗಿ ಮಲೆನಾಡಿನ ಮರಗಳು ಲೆಕ್ಕವಿಲ್ಲದಷ್ಟು ಉರುಳಿದವು. ಗಂಧದ ಮರ ಸರಕಾರದ್ದೇ ಆಗಿದ್ದರಿಂದ ರೈತನಿಗೆ ಅದನ್ನು ಬೆಳೆಸುವ ಉತ್ಸಾಹ ಇರಲಿಲ್ಲ, ಕಳ್ಳನಿಗೆ ಕಡಿಯುವ ಉತ್ಸಾಹ ಇತ್ತು. ಎಷ್ಟೇ ಒಳ್ಳೆಯ ಭಟ್ಟಿಯಿದ್ದರೂ ಒಳಗೆ ಹಾಕಲು ಮರ ಬೇಕು. ಇಪ್ಪತ್ತನೆಯ ಶತಮಾನದ ಕೊನೆಗೆ ಮೈಸೂರಿನ ಗಂಧದೆಣ್ಣೆ ಉದ್ಯಮಕ್ಕೆ ದೊಡ್ಡ ಕುತ್ತು ಬಂದದ್ದು ತಂತ್ರಜ್ಞಾನದಿಂದಲ್ಲ, ಮರದ ಕೊರತೆಯಿಂದ. 2001ರ ನಂತರವಷ್ಟೇ ಕರ್ನಾಟಕದಲ್ಲಿ ತನ್ನ ನೆಲದ ಗಂಧದ ಮರಕ್ಕೆ ರೈತ ಒಡೆಯನಾದ.

1929ರ ನಂತರದ ಮೂವತ್ತಮೂರು ವರ್ಷಗಳನ್ನು ವಿಶ್ವೇಶ್ವರಯ್ಯನವರು ಬರೆಯುತ್ತ, ತಿರುಗುತ್ತ, ಸಲಹೆ ಕೊಡುತ್ತ ಕಳೆದರು. 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯನ್ನು ಕಟ್ಟಿದರು. ಮಲ್ಲೇಶ್ವರಂನ ಆಚೆಯ ಆ ವಿಜ್ಞಾನ ಸಂಸ್ಥೆಯ ಆಡಳಿತದ ಅಧ್ಯಕ್ಷತೆಯನ್ನೂ ಹಲವು ವರ್ಷ ವಹಿಸಿದರು. ಯಂತ್ರಗಳ ವಿಚಾರದಲ್ಲಿ ಗಾಂಧೀಜಿಯವರಿಗೂ ಅವರಿಗೂ ಒಮ್ಮತ ಬರಲೇ ಇಲ್ಲ, ಪರಸ್ಪರ ಗೌರವ ಮಾತ್ರ ಕೊನೆಯವರೆಗೂ ಉಳಿಯಿತು. 1955ರಲ್ಲಿ ಭಾರತರತ್ನ ಬಂತು. ನೂರು ತುಂಬಿದ ಸಂದರ್ಭದಲ್ಲಿ, 1960ರ ಸೆಪ್ಟೆಂಬರ್ 15ರಂದು, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಬದುಕಿದ್ದಾಗಲೇ ತಮ್ಮ ಚಿತ್ರದ ಅಂಚೆಚೀಟಿ ಕಂಡವರು ನಮ್ಮ ದೇಶದಲ್ಲಿ ಕೆಲವರೇ.

1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಭದ್ರಾವತಿಯ ಕಾರ್ಖಾನೆಗೆ ಮುಂದೆ ಅವರದೇ ಹೆಸರು ಬಂತು. 2023ರ ಆರಂಭದಲ್ಲಿ ಅದನ್ನು ಮುಚ್ಚುವ ತೀರ್ಮಾನವಾದಾಗ ಕಾರ್ಮಿಕರು ಬೀದಿಗಿಳಿದರು. ಅಧ್ಯಕ್ಷರಾಗಿದ್ದ ಕಾಲಕ್ಕೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಕೈಗೆ ತೆಗೆದುಕೊಂಡಿರಲಿಲ್ಲ. ಕಾರ್ಖಾನೆಗಳಿಗೆ ಕೈಕೆಲಸ ಬಲ್ಲ ಹುಡುಗರನ್ನು ತಯಾರು ಮಾಡುವ ಶಾಲೆಯೊಂದಕ್ಕೆ ಆ ಹಣ ಹೋಗಬೇಕೆಂದು ಕೇಳಿಕೊಂಡಿದ್ದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಹಿಂದೆ ಇದ್ದುದು ಆ ಹಣ. ಮುಂದೆ ಅದೇ ಪಾಲಿಟೆಕ್ನಿಕ್ ಆಯಿತು.